ಸಿಂಗಾಪುರದಲ್ಲಿ ಒಂದು ಸುಳ್ಳು ಸನ್ಮಾನ

ಸಿಂಗಾಪುರಕ್ಕೆ ಹೋಗಿಬಂದವರು ಅಲ್ಲಿನ ರಸ್ತೆ ಎಷ್ಟು ಚೊಕ್ಕ, ಮರಗಳಿಗೂ ಎಷ್ಟು ಶಿಸ್ತು ಎಂದು ಬರೆಯುತ್ತಾರೆ. ಅದೆಲ್ಲ ನಿಜವೇ. ಆದರೆ ನಾನು ಅಲ್ಲಿಂದ ಹೊತ್ತು ತಂದದ್ದು ಸಿಟ್ಟನ್ನು. ಚಾಕೊಲೇಟ್ ಎಲ್ಲಿ ಎಂದು ಕೇಳಿದ ಪಕ್ಕದ ಮನೆಯವರಿಗೂ ಅದನ್ನೇ ಹಂಚಿದೆ. ಉಳಿದ ಪಾಲು ನಿಮಗೆ.

ನಾನು ದಾವಣಗೆರೆಯಲ್ಲಿ ಇಂಗ್ಲಿಷ್ ನಾಟಕ ಪಾಠ ಮಾಡಿ ನಿವೃತ್ತಳಾದವಳು. ಪಾಠಕ್ಕಿಂತ ಹೆಚ್ಚಾಗಿ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ನಾಟಕ ಆಡಿಸಿದವಳು. ಆ ಹುಡುಗಿಯರಲ್ಲಿ ಒಬ್ಬಳಾದ ವೀಣಾ ಈಗ ಸಿಂಗಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಅಲ್ಲಿನ ಒಂದು ಕನ್ನಡ ಸಂಘದ ನಾಟಕದ ಉಸ್ತುವಾರಿಯೂ ಅವಳದೇ. ಒಂದು ದಿನ ಫೋನ್ ಮಾಡಿದಳು. "ಮೇಡಂ, ಇಲ್ಲಿ ಎವ್ರಿ ಇಯರ್ ಬರೀ ಸಿನಿಮಾ ಸಾಂಗ್ ಡ್ಯಾನ್ಸು, ಮಿಮಿಕ್ರಿ. ಹೇಗೋ ಹಟ ಮಾಡಿ ಡ್ರಾಮಾಗೆ ಒಂದು ಸ್ಲಾಟ್ ತಗೊಂಡಿದ್ದೀನಿ. ಇದು ಫ್ಲಾಪ್ ಆದ್ರೆ ನೆಕ್ಸ್ಟ್ ಇಯರಿಂದ ತೆಗೆದೇ ಬಿಡ್ತಾರೆ. ನೀವು ಬಂದು ಡೈರೆಕ್ಟ್ ಮಾಡಿ, ಪ್ಲೀಸ್."

ಅಳುವ ದನಿಯಲ್ಲಿ ಕೇಳಿದಳು. ಹೊರಟುಬಿಟ್ಟೆ.

ಚಾಂಗಿ

ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸನ್ನು ಪಕ್ಕಕ್ಕೆ ಎಳೆದರು. ಯಂತ್ರದ ಕಣ್ಣಿಗೆ ಅದರೊಳಗೊಂದು ಕತ್ತಿ ಕಂಡಿತ್ತು. ಪ್ಲೈವುಡ್ಡಿನ ಕತ್ತಿ, ಮೇಲೆ ಬೇಗಡೆ ಕಾಗದ. ತಲೆಗೆ ಸ್ಕಾರ್ಫ್ ಕಟ್ಟಿದ ಅಧಿಕಾರಿಣಿಯೊಬ್ಬಳು ಅದನ್ನು ಹೊರತೆಗೆದು, ತೆಂಗಿನಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ ಬೆರಳಲ್ಲಿ ಕುಟ್ಟಿ, ಇದು ಯಾತಕ್ಕೆ ಆಂಟಿ ಎಂದು ಕೇಳಿದಳು.

ಕೇಳಬಾರದಿತ್ತು. ನಾಟಕದ ಬಗ್ಗೆ ಯಾರಾದರೂ ಬಾಯಿಬಿಟ್ಟು ಕೇಳಿದರೆ ನಾನು ನಿಲ್ಲುವವಳಲ್ಲ. ಹದಿನೆಂಟನೇ ಶತಮಾನದ ಲಂಡನ್ನಿನಿಂದ ಶುರು ಮಾಡಿದೆ. ಅಲ್ಲಿನ ಪುಟ್ಟ ನಾಟಕಶಾಲೆಗಳಲ್ಲಿ ಒಂದು ಜಾಣ ಪದ್ಧತಿ ಇತ್ತು. ಮಂತ್ರಿಗಳನ್ನು ನೇರವಾಗಿ ಬೈಯುವಂತಿಲ್ಲ. ಹಾಗಾಗಿ ರಂಗದ ಮೇಲೆ ಒಬ್ಬ ಪೆದ್ದ ಕವಿ ಬಂದು ತಾನು ಬರೆದ ದುರಂತ ನಾಟಕದ ರಿಹರ್ಸಲ್ ಮಾಡಿಸುತ್ತಾನೆ. ಆ ನಾಟಕದೊಳಗಿನ ನಾಟಕದಲ್ಲಿ ಮಂತ್ರಿಗಳು ಕಚ್ಚಾಡುತ್ತಾರೆ, ಲಂಚ ಹಂಚಿಕೊಂಡು ಕುಣಿಯುತ್ತಾರೆ. ಯಾರಾದರೂ ಗದರಿಸಿದರೆ, ನಮ್ಮದೇನಿದೆ, ಕವಿ ಪೆದ್ದ ಎನ್ನಬಹುದು. ಜನ ಮುಗಿಬಿದ್ದು ನೋಡಿದರು. ಒಮ್ಮೆ ಯಾವುದೋ ನಾಟಕದಲ್ಲಿ ಲಂಚದ ಹಾಡು ಬಂದಾಗ ಸಭೆಯವರೆಲ್ಲ ಅಲ್ಲೇ ಕೂತಿದ್ದ ಪ್ರಧಾನಿಯ ಕಡೆಗೆ ತಿರುಗಿದರಂತೆ. ಆ ಘಾಟಿ ಮನುಷ್ಯ ಕೊಂಚವೂ ಅಳುಕದೆ ಎದ್ದು ನಿಂತು, ನಮ್ಮ ಕಂಪನಿ ನಾಟಕದ ಪ್ರೇಕ್ಷಕರ ಹಾಗೆ, "ಒನ್ಸ್ ಮೋರ್" ಎಂದನಂತೆ. ಜನ ಅವನಿಗೇ ಚಪ್ಪಾಳೆ ಹೊಡೆದರು. ಒನ್ಸ್ ಮೋರ್ ಎಂದ ಅದೇ ಮನುಷ್ಯ ಕೆಲವು ವರ್ಷಗಳಲ್ಲಿ, ಸರ್ಕಾರದ ಅಧಿಕಾರಿ ಓದಿ ಒಪ್ಪದೆ ಯಾವ ಹೊಸ ನಾಟಕವೂ ರಂಗ ಹತ್ತಬಾರದು ಎಂಬ ಕಾನೂನು ತಂದ. ಅದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು.

ನಾನು ಕಾನೂನಿನವರೆಗೆ ಬರುವಷ್ಟರಲ್ಲಿ ಆ ಹುಡುಗಿ ಕತ್ತಿಯನ್ನು ಒಳಗಿಟ್ಟು ಜಿಪ್ ಎಳೆದಾಗಿತ್ತು. "ಓಕೆ ಆಂಟಿ, ಎಂಜಾಯ್ ಯುವರ್ ಸ್ಟೇ" ಎಂದು ಸೂಟ್‌ಕೇಸನ್ನು ನನ್ನ ಕಡೆಗೆ ತಳ್ಳಿದಳು. ತರಗತಿಯಲ್ಲೂ ನನಗೆ ಇದೇ ಅನುಭವ.

ಅದೇ ಸೂಟ್‌ಕೇಸಿನಲ್ಲಿ ಎರಡು ಜೊತೆ ಸನ್ಮಾನದ ಸಾಮಾನಿದ್ದವು. ಒಂದು ಅಸಲಿ: ರೇಷ್ಮೆ ಶಾಲು, ಮೈಸೂರು ಪೇಟ, ಗಂಧದ ಹಾರ. ಸಂಘದ ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಮುಖ್ಯ ಅತಿಥಿಯಾಗಿ ಬರುವ ಮಾಜಿ ಮಂತ್ರಿಯೊಬ್ಬರಿಗೆಂದು ಅಧ್ಯಕ್ಷರು ಹೇಳಿ ತರಿಸಿಕೊಂಡದ್ದು. ಇನ್ನೊಂದು ನಾಟಕದ್ದು: ಪರದೆಯ ಬಟ್ಟೆಯ ಶಾಲು, ಪ್ಲಾಸ್ಟಿಕ್ ಹಾರ, ಹಾಕಿದರೆ ಮೂಗಿನ ತನಕ ಇಳಿಯುವ ದೊಡ್ಡ ಪೇಟ.

ಹೌಗಾಂಗ್

ವೀಣಾಳ ಮನೆ ಹೌಗಾಂಗಿನ ಒಂದು ಎತ್ತರದ ಬ್ಲಾಕಿನಲ್ಲಿ. ಈ ಕಟ್ಟಡಗಳ ನೆಲಮಹಡಿಯಲ್ಲಿ ಮನೆಗಳಿರುವುದಿಲ್ಲ. ಕಂಬಗಳ ನಡುವೆ ಬಯಲು ಬಿಟ್ಟಿರುತ್ತಾರೆ. ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಮದುವೆಗೂ ಅದೇ, ಸಾವಿಗೂ ಅದೇ, ಮುದುಕರ ಚದುರಂಗಕ್ಕೂ ಅದೇ. ನಮ್ಮ ಊರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ನಾಲ್ಕು ಮೊಬೈಲ್ ಅಂಗಡಿ ಎದ್ದಿರುತ್ತಿದ್ದವು. ನಮ್ಮ ರಿಹರ್ಸಲ್ ನಡೆದದ್ದು ಅಲ್ಲೇ.

ಮೊದಲ ದಿನವೇ ಒಂದು ಎಡವಟ್ಟಾಯಿತು. ಮಧ್ಯಾಹ್ನ ಊಟಕ್ಕೆ ಹತ್ತಿರದ ಹಾಕರ್ ಸೆಂಟರಿಗೆ ಹೋದೆವು. ಸಾಲುಸಾಲು ಅಡುಗೆ ಅಂಗಡಿ, ನಡುವೆ ಮೇಜು ಕುರ್ಚಿ. ಸಿಕ್ಕಾಪಟ್ಟೆ ಜನ. ಒಂದು ಮೇಜು ಮಾತ್ರ ಖಾಲಿ, ಮೇಲೊಂದು ಪುಟ್ಟ ಟಿಶ್ಯೂ ಪೊಟ್ಟಣ. ಎಂಥ ಉಪಚಾರವಪ್ಪಾ ಎಂದುಕೊಂಡು ಕೂತು, ಪೊಟ್ಟಣ ಒಡೆದು ಮುಖ ಒರೆಸಿ, ಮೂಗನ್ನೂ ಸೀಟಿಕೊಂಡೆ. ಅಷ್ಟರಲ್ಲಿ ಒಬ್ಬ ಯುವಕ ತಟ್ಟೆ ಹಿಡಿದು ಬಂದು ನನ್ನ ಕೈಯಲ್ಲಿದ್ದ ಟಿಶ್ಯೂವನ್ನೇ ನೋಡುತ್ತ ನಿಂತ. ವೀಣಾ ಓಡಿಬಂದು ಅವನಲ್ಲಿ ಕ್ಷಮೆ ಕೇಳಿ ನನ್ನನ್ನು ಎಬ್ಬಿಸಿದಳು. "ಅಯ್ಯೋ ಮೇಡಂ, ಅದು ಸೀಟ್ ರಿಸರ್ವ್ ಮಾಡಿರೋದು! ಟಿಶ್ಯೂ ಇಟ್ಟಿದ್ರೆ ಯಾರೂ ಕೂತ್ಕೊಳಲ್ಲ."

ನನಗೆ ನಗು ಬಂತು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವೆ. ವಿಧಾನಸೌಧದ ಕುರ್ಚಿಗೂ ಟವೆಲ್ ಹಾಕುವವರಿದ್ದಾರೆ. ವ್ಯತ್ಯಾಸ ಒಂದೇ. ಇಲ್ಲಿ ಟಿಶ್ಯೂ ಕಂಡರೆ ಜನ ದೂರ ಸರಿಯುತ್ತಾರೆ. ನಮ್ಮಲ್ಲಿ ಟವೆಲ್ಲನ್ನೇ ಹೆಗಲಿಗೆ ಹಾಕಿಕೊಂಡು ಕೂರುತ್ತಾರೆ.

ನಾಟಕವನ್ನು ಹಳೆಯ ಲಂಡನ್ನಿನ ಪದ್ಧತಿಯಲ್ಲೇ ನಾನು ಹೊಸದಾಗಿ ಬರೆದಿದ್ದೆ. ಪೆದ್ದ ಕವಿಯ ಪಾತ್ರಕ್ಕೆ ಉಡುಪಿ ಕಡೆಯ ರಘುರಾಮ ಶೆಟ್ಟಿ. ಹಗಲು ಬ್ಯಾಂಕಿನ ಕಂಪ್ಯೂಟರ್ ಮುಂದೆ ಸುಮ್ಮನೆ ಕೂರುವ ಮನುಷ್ಯ, ಸಂಜೆ ವಾಯ್ಡ್ ಡೆಕ್ಕಿನಲ್ಲಿ ಕಂಬ ಅದುರುವ ಹಾಗೆ ಪದ್ಯ ಹೇಳುತ್ತಿದ್ದ. ಕವಿಯ ನಾಟಕದೊಳಗಿನ ಮಂತ್ರಿ ವೀಣಾ. ನಡುವಿನ ದೃಶ್ಯವೇ ಮಂತ್ರಿಗೆ ಸನ್ಮಾನ. ಕೆಂಪು ಹೊದಿಕೆಯ ಕುರ್ಚಿ, ಹಿತ್ತಾಳೆ ತಟ್ಟೆ, ರೆಕಾರ್ಡಿನ ನಾದಸ್ವರ. ಶಾಲು, ಹಾರ, ಪೇಟ ಒಂದೊಂದಾಗಿ ಏರುತ್ತವೆ. ಪೇಟ ಕಣ್ಣು ಮುಚ್ಚುತ್ತದೆ. ಏನೂ ಕಾಣದ ಮಂತ್ರಿ ಕುರುಡು ಭಾಷಣ ಮಾಡುತ್ತಾನೆ: "ನಾನು ಕುರ್ಚಿಯ ಹಿಂದೆ ಹೋದವನಲ್ಲ, ಕುರ್ಚಿಯೇ ನನ್ನ ಹಿಂದೆ ಬಂತು. ನಾನು ಪಕ್ಷ ಬಿಟ್ಟವನಲ್ಲ, ಪಕ್ಷಗಳೇ ನನ್ನನ್ನು ಬಿಟ್ಟವು. ನಾಡು ನನ್ನ ತಾಯಿ." ತಾಯಿ ಎಂದಾಕ್ಷಣ ಶಾಲಿನ ಅಂಚನ್ನು ಕಣ್ಣಿಗೊತ್ತಿ ಅಳುತ್ತಾನೆ.

ಚದುರಂಗ ಆಡುತ್ತಿದ್ದ ಒಬ್ಬ ಚೀನೀ ಮುದುಕ ದಿನಾ ಆಟ ನಿಲ್ಲಿಸಿ ಈ ದೃಶ್ಯ ನೋಡುತ್ತಿದ್ದ. ಪೇಟ ಇಳಿದಾಗ ಹಲ್ಲಿಲ್ಲದ ಬಾಯಲ್ಲಿ ಕಿಸಕ್ಕನೆ ನಗುತ್ತಿದ್ದ. ಒಂದು ಸಂಜೆ ವೀಣಾಳನ್ನು ತೋರಿಸಿ, "ಆಂಟಿ, ದಿಸ್ ಒನ್ ಬಿಗ್ ಬಾಸ್ ಆ?" ಎಂದು ಕೇಳಿದ. ಹೌದು ಎಂದೆ. "ವಾಕಿಂಗ್ ಸೀ ಓನ್ಲಿ ಕ್ಯಾನ್ ನೋ, ಲಾ" ಎಂದ. ನಡಿಗೆ ನೋಡಿಯೇ ಗುರುತಿಸಿದ್ದ. ಒಂದಕ್ಷರ ಕನ್ನಡ ಬಾರದ ಮನುಷ್ಯನಿಗೆ ನಾಟಕ ಮುಟ್ಟಿದೆ ಎಂದು ನನಗೆ ಆ ದಿನವೆಲ್ಲ ಖುಷಿ.

ವುಡ್‌ಲ್ಯಾಂಡ್ಸ್

ಸಿಂಗಾಪುರದಲ್ಲಿ ನಾಲ್ಕು ಜನರ ಮುಂದೆ ನಾಟಕ ಆಡಬೇಕಾದರೆ ಮೊದಲೇ ಸರ್ಕಾರಕ್ಕೆ ಸ್ಕ್ರಿಪ್ಟ್ ಕೊಟ್ಟು ಅನುಮತಿ ಪಡೆಯಬೇಕು. ವೀಣಾ ಹೀಗೆಂದಾಗ ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾಗಿದ್ದೆ. ಇಂಗ್ಲಿಷ್ ಅನುವಾದವನ್ನು ನಾನೇ ಮಾಡಿಕೊಟ್ಟೆ, ಒಂದು ಚುಚ್ಚನ್ನೂ ಮೊಂಡು ಮಾಡದೆ. ಲಂಡನ್ನಿನ ಆ ಕಾನೂನಿನ ಮರಿಮಗನನ್ನು ಕಣ್ಣಾರೆ ನೋಡಿಬಿಡೋಣ ಎಂಬ ಚಪಲವೂ ಇತ್ತು.

ಅನುಮತಿ ಬಂತು. ಒಂದು ಪದವನ್ನೂ ಮುಟ್ಟಿರಲಿಲ್ಲ.

ಮುಟ್ಟಿದವರು ನಮ್ಮವರು. ಸಂಘದ ಅಧ್ಯಕ್ಷ ವಸಂತಕುಮಾರ್ ಇರುವುದು ವುಡ್‌ಲ್ಯಾಂಡ್ಸಿನ ಒಂದು ಕಾಂಡೋದಲ್ಲಿ, ಅಂದರೆ ದುಬಾರಿ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ. ಅವರ ಮನೆಯ ಬಾಲ್ಕನಿಯಿಂದ ನೋಡಿದರೆ ಮಲೇಷ್ಯಾದ ಕಡೆಗೆ ಹೋಗುವ ಬಸ್ಸುಗಳ ಸಾಲು ಕಾಣುತ್ತದೆ. ಉಪ್ಪಿಟ್ಟು, ಕೇಸರಿಬಾತ್, ಫಿಲ್ಟರ್ ಕಾಫಿ ಎಲ್ಲ ಕೊಟ್ಟು, ಬಾಯಿ ಸಿಹಿ ಮಾಡಿದ ಮೇಲೆ ನನ್ನ ಸ್ಕ್ರಿಪ್ಟನ್ನು ಮುಂದಿಟ್ಟರು. ಮೈತುಂಬ ಕೆಂಪು ಗೀಟು.

"ತಪ್ಪು ತಿಳ್ಕೋಬೇಡಿ ಮೇಡಂ. ತುಂಬಾ ಚೆನ್ನಾಗಿದೆ. ಆದ್ರೆ ಚೀಫ್ ಗೆಸ್ಟ್ ಸರ್ ಫ್ರಂಟ್ ರೋನಲ್ಲಿ ಕೂತಿರ್ತಾರೆ. 'ಮಂತ್ರಿ' ಅನ್ನೋದು ಬೇಡ, 'ಮಾನ್ಯ ಅತಿಥಿ' ಅಂತ ಚೇಂಜ್ ಮಾಡಿದ್ದೀವಿ. ಸನ್ಮಾನ ಇರ್ಲಿ, ಅದು ನಮ್ಮ ಕಲ್ಚರ್. ಭಾಷಣ ಮಾತ್ರ ಪೂರ್ತಿ ಕಟ್."

"ಭಾಷಣ ತೆಗೆದರೆ ನಾಟಕದಲ್ಲಿ ಏನು ಉಳಿಯುತ್ತೆ?"

"ಸುಮ್ನೆ ಕೈ ಮುಗಿದು ನಿಂತ್ಕೊಳ್ಲಿ ಮೇಡಂ. ಡಿಗ್ನಿಫೈಡ್ ಆಗಿರುತ್ತೆ. ಅದ್ರಲ್ಲೂ ಆ ಶಾಲಲ್ಲಿ ಕಣ್ಣು ಒರೆಸ್ಕೊಳೋದು ಬೇಡವೇ ಬೇಡ." ದನಿ ತಗ್ಗಿಸಿದರು. "ಸರ್‌ಗೆ ಆ ಹ್ಯಾಬಿಟ್ ಇದೆ."

ನನ್ನ ಮೈ ಉರಿದುಹೋಯಿತು. ಆ ಮಾಜಿ ಮಂತ್ರಿಯನ್ನು ನಾನು ಕಂಡವಳಲ್ಲ, ಅವರ ಭಾಷಣ ಕೇಳಿದವಳಲ್ಲ. ನಾನು ಬರೆದದ್ದು ಯಾವ ಒಬ್ಬರ ಚಿತ್ರವೂ ಅಲ್ಲ. ಇವರಿಗೆ ಆ ಮನುಷ್ಯ ಎಂಥವರೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಶಾಲು ಹೊದಿಸಲು ಹೊರಟಿದ್ದರು. ಪರದೇಶದ ಸರ್ಕಾರ ಓದಿ ಸುಮ್ಮನಿದ್ದ ಮಾತನ್ನು, ಆ ಮಂತ್ರಿಯಿಂದ ಆಗಬೇಕಾದದ್ದು ಏನೂ ಇಲ್ಲದ ಈ ಜನ, ಕಡಲಾಚೆ ಕೂತು, ಕೇಸರಿಬಾತ್ ತಿನ್ನುತ್ತ ಹೊಡೆದುಹಾಕಿದ್ದರು. ಹೆದರಿಸಿದವರು ಯಾರೂ ಇಲ್ಲ. ಹೆದರಿಕೆಯನ್ನು ಊರಿಂದ ಉಪ್ಪಿನಕಾಯಿ ತಂದ ಹಾಗೆ ತಂದಿಟ್ಟುಕೊಂಡಿದ್ದಾರೆ.

"ಹಾಗಾದರೆ ನಾಟಕವೇ ಬೇಡ ಬಿಡಿ" ಎಂದು ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲಿನದು ಬಲಗಾಲಿಗೆ ಹೋಗಿತ್ತು. ಜೊತೆಗೆ ಬಂದಿದ್ದ ವೀಣಾ ಲಿಫ್ಟಿನಲ್ಲಿ ಬಗ್ಗಿ ಸರಿಮಾಡಿದಳು.

ಲಿಟಲ್ ಇಂಡಿಯಾ

ಮರುದಿನ ಹೂವು ತರಲು ವೀಣಾಳ ಜೊತೆ ಲಿಟಲ್ ಇಂಡಿಯಾಕ್ಕೆ ಹೋದೆ. ಸೆರಂಗೂನ್ ರಸ್ತೆಯ ಪಕ್ಕದಲ್ಲಿ ಮಲ್ಲಿಗೆ, ಕನಕಾಂಬರ, ಬಾಳೆಎಲೆ ಎಲ್ಲ ಸಿಗುತ್ತವೆ. ವಾಸನೆಗೆ ಒಂದು ಗಳಿಗೆ ದಾವಣಗೆರೆ ನೆನಪಾಯಿತು. ಹೂವಿನ ಅಂಗಡಿಯ ಹೆಂಗಸು ಮೂಸಿ ನೋಡಬೇಡಿ, ದೇವರಿಗೆ ಆಗುವುದಿಲ್ಲ ಎಂದು ತಮಿಳಿನಲ್ಲಿ ಗದರಿದಳು. ಗದರಿಸಿಕೊಂಡು ಹಾಯೆನಿಸಿತು. ಈ ಊರಿಗೆ ಬಂದಮೇಲೆ ಯಾರೂ ನನ್ನನ್ನು ಮನಸ್ಸು ಬಿಚ್ಚಿ ಬೈದಿರಲಿಲ್ಲ.

ದೋಸೆಗೆ ಕೂತಾಗ ನಾನು ಮತ್ತೆ ಅದೇ ಮಾತೆತ್ತಿದೆ. ನಾಟಕ ವಾಪಸ್ ತೆಗೆದುಕೊಂಡು, ಯಾಕೆಂದು ಎಲ್ಲರಿಗೂ ತಿಳಿಸೋಣ ಎಂದೆ.

ವೀಣಾ ದೋಸೆ ಮುರಿಯಲಿಲ್ಲ. "ನೀವು ಫ್ಲೈಟ್ ಹತ್ತಿ ಹೋಗ್ತೀರ ಮೇಡಂ. ನಾನು ಇಲ್ಲೇ ಇರ್ಬೇಕಲ್ವಾ? ನಾವು ಆಡ್ಲಿಲ್ಲ ಅಂದ್ರೆ ಅವ್ರಿಗೇನೂ ಲಾಸ್ ಇಲ್ಲ, ಇನ್ನೆರಡು ಡ್ಯಾನ್ಸ್ ಹಾಕ್ತಾರೆ ಅಷ್ಟೆ. ಕೆಲಸ ಮುಗಿಸಿ ಸುಸ್ತಾಗಿ ಬಂದು ರಿಹರ್ಸಲ್ ಮಾಡಿದ್ದಾರೆ ಎಲ್ಲಾರೂ. ಅರ್ಧಂಬರ್ಧ ಆದ್ರೂ ಆಡೋಣ. ಸ್ಲಾಟ್ ಉಳೀಲಿ."

ನನಗೆ ಅವಳ ಮೇಲೂ ಸಿಟ್ಟು ಬಂತು. ಬಾಯಿ ಕಟ್ಟಿಸಿಕೊಂಡ ನಾಟಕ ಆಡಿ ಉಳಿಸುವ ಜಾಗ ಯಾರಿಗೆ ಬೇಕು? ಆದರೆ ಅವಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಕಂಡಿತು. ಇವಳು ಓದುವಾಗಲೂ ಹಾಗೇ, ಪಾತ್ರಕ್ಕೆಂದು ಊಟ ಬಿಟ್ಟು ಓಡಿಬರುತ್ತಿದ್ದಳು. ಆಯಿತು ಎಂದೆ. ಎಂದದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು. ಆ ದೋಸೆಯ ರುಚಿ ಹೇಗಿತ್ತು ಎಂದು ಕೇಳಬೇಡಿ.

ಸಭಾಂಗಣ

ಕಾರ್ಯಕ್ರಮದ ದಿನ ಮುಖ್ಯ ಅತಿಥಿಗಳು ಬರಲಿಲ್ಲ. ಶಾಪಿಂಗಿಗೆ ಹೋಗಿದ್ದಾರೆ, ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಫೋನು. ಬಾಡಿಗೆ ಸಭಾಂಗಣ, ಹೇಳಿದ ಹೊತ್ತಿಗೆ ಬಿಟ್ಟುಕೊಡಲೇಬೇಕು. ನಮ್ಮ ಊರಲ್ಲಾದರೆ ವಾಚ್‌ಮನ್ನಿಗೆ ಒಂದು ಕಾಫಿ ಕುಡಿಸಿ ಬೀಗವನ್ನು ತಡಮಾಡಿಸಬಹುದು. ಇಲ್ಲಿ ಆ ಮಾತೇ ಇಲ್ಲ. ಕೊನೆಗೆ ನಾಟಕ ಶುರು ಮಾಡಿ, ಸರ್ ಬಂದ ಮೇಲೆ ಸನ್ಮಾನ ಇಟ್ಟುಕೊಳ್ಳೋಣ ಎಂದು ಕಮಿಟಿಯವರು ಹೇಳಿದರು. ಅಧ್ಯಕ್ಷರು ಅಷ್ಟು ಹೊತ್ತಿಗೆ ಅತಿಥಿಗಳನ್ನು ಕಾಯಲು ಗೇಟಿಗೆ ಹೋಗಿದ್ದರು. ಅವರಿಗೆ ಇದನ್ನು ಯಾರೂ ಹೇಳಲಿಲ್ಲ.

ನಾನು ಪಕ್ಕದ ಪರದೆಯ ಹಿಂದೆ ನಿಂತಿದ್ದೆ. ಸನ್ಮಾನದ ದೃಶ್ಯ ಬಂತು. ನಡುವೆ ಕೆಂಪು ಕುರ್ಚಿ. ಇಬ್ಬರು ಹೆಣ್ಣುಮಕ್ಕಳು ಹಿತ್ತಾಳೆ ತಟ್ಟೆ ಹಿಡಿದು ನಿಂತರು. ನಾದಸ್ವರ ಮೊಳಗಿತು. ಪೆದ್ದ ಕವಿಯಾಗಿ ರಘುರಾಮ ಶೆಟ್ಟಿ ಕೂಗಿದ: "ನಾಡಿನ ಹೆಮ್ಮೆಯ ಪುತ್ರ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಮಾನ್ಯ ಅತಿಥಿಗಳು ವೇದಿಕೆಗೆ ದಯಮಾಡಿಸಬೇಕು!"

ಹಿಂದಿನ ಬಾಗಿಲಿನಿಂದ, ಪೆನ್ಸಿಲ್ ಮೀಸೆ ಬರೆದುಕೊಂಡ ವೀಣಾ ಸಭಿಕರ ನಡುವೆ ಠೀವಿಯಿಂದ ನಡೆದುಬರಬೇಕು. ಅದೇ ಗಳಿಗೆಯಲ್ಲಿ ಮುಂದಿನ ಬಾಗಿಲು ತೆರೆಯಿತು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಶಾಪಿಂಗ್ ಚೀಲ. ಹಿಂದೆ ಓಡಿಬರುವ ಅಧ್ಯಕ್ಷರು. ಸಭೆಗೆ ತಡವಾಗಿ ಬಂದವರು ಒಂದು ಕ್ಷಣ ನಿಂತು ಏನು ನಡೆದಿದೆ ಎಂದು ನೋಡುತ್ತಾರೆ. ಈ ಮನುಷ್ಯ ನೋಡಲಿಲ್ಲ. ಕೆಂಪು ಕುರ್ಚಿ ಖಾಲಿ ಇದೆ, ತಟ್ಟೆಯಲ್ಲಿ ಶಾಲಿದೆ, ನಾದಸ್ವರ ಇದೆ. ಅದು ಬೇರೆ ಯಾರಿಗಾದರೂ ಇರಬಹುದೆಂಬ ಅನುಮಾನ ಅವರ ಜನ್ಮದಲ್ಲೇ ಬಂದಿರಲಿಕ್ಕಿಲ್ಲ. ಚೀಲವನ್ನು ಅಧ್ಯಕ್ಷರ ಕೈಗೆ ಕೊಟ್ಟು, ಸಭೆಗೆ ಕೈಮುಗಿಯುತ್ತ, ಮೆಟ್ಟಿಲು ಹತ್ತಿ, ಬಂದು ಕೂತೇಬಿಟ್ಟರು. ಹಾಲ್ ಬಿಡುವ ಹೊತ್ತಾಗುತ್ತದೆಂದು ಸನ್ಮಾನ ಮುಂಚೆಯೇ ಇಟ್ಟುಕೊಂಡರೇನೋ ಎಂದು ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಶುರು ಮಾಡಿದರು.

ವೀಣಾ ಸಭೆಯ ನಡುವೆ ಮೀಸೆಯೊಂದಿಗೆ ನಿಂತುಬಿಟ್ಟಳು. ರಘುರಾಮ ಶೆಟ್ಟಿ ಬೆವರು ಒರೆಸಿಕೊಂಡು ಪರದೆಯ ಕಡೆ, ನನ್ನ ಕಡೆ ನೋಡಿದ. ನಿಲ್ಲಿಸು ಎಂದು ಸನ್ನೆ ಮಾಡಬಹುದಿತ್ತು. ನಾನು ಹಾಕು ಎಂದು ತಲೆಯಾಡಿಸಿದೆ.

ಹಾಕಿದ. ಪರದೆಯ ಬಟ್ಟೆಯ ಶಾಲು. ಪ್ಲಾಸ್ಟಿಕ್ ಹಾರ. ಆಮೇಲೆ ಪೇಟ. ಅದು ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಕೂತಿತು. ಸಭೆಯ ಒಂದು ಮೂಲೆಯಿಂದ ನಗು ಎದ್ದು ಹಾಗೇ ಅಡಗಿತು. ಮೈಕು ಕೈಗೆ ಸಿಕ್ಕಿದ್ದೇ ಆ ಮನುಷ್ಯ ಪೇಟವನ್ನು ಸರಿಮಾಡಿಕೊಳ್ಳಲೂ ಇಲ್ಲ. ಕತ್ತಲಲ್ಲೇ ಮಾತು ಶುರುವಾಯಿತು.

"ಕನ್ನಡದ ಬಂಧುಗಳೇ, ಈ ಶಾಲು ನನಗಲ್ಲ, ನಾಡಿಗೆ. ನಾನು ಅಧಿಕಾರದ ಹಿಂದೆ ಹೋದವನಲ್ಲ. ಅಧಿಕಾರವೇ ನನ್ನನ್ನು ಹುಡುಕಿಕೊಂಡು ಬಂತು. ಪಕ್ಷ ಬದಲಾಯಿಸಿದ ಅಂತ ಕೆಲವರು ಅಂತಾರೆ. ನಾನೆಲ್ಲಿ ಬದಲಾದೆ? ನಾನು ಇದ್ದಲ್ಲೇ ಇದ್ದೇನೆ, ಪಕ್ಷಗಳು ನನ್ನ ಸುತ್ತ ಬದಲಾದವು. ನನಗೆ ಗೊತ್ತಿರೋದು ಒಬ್ಬಳೇ, ಆ ಕನ್ನಡ ತಾಯಿ..."

ಶಾಲಿನ ಅಂಚು ಪೇಟದ ಒಳಗೆ ತೂರಿ ಕಣ್ಣನ್ನು ಹುಡುಕಿತು.

ಕೆಂಪು ಗೀಟು ಎಳೆದು ಹೊಡೆದುಹಾಕಿದ ಭಾಷಣ ಅಕ್ಷರ ಆಚೀಚೆಯಾಗಿ ನನ್ನ ಕಣ್ಣೆದುರೇ ನಡೆಯುತ್ತಿತ್ತು. ನಮ್ಮ ಬಾಯಲ್ಲಿ ಅವಮಾನವಾದದ್ದು ಅವರ ಬಾಯಲ್ಲಿ ಸಂದೇಶವಾಗಿತ್ತು. ಸಭೆಗೆ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅದೇ ಜನ, ಎಂಆರ್‌ಟಿ ರೈಲಿನಲ್ಲಿ ಊರಿನ ರಾಜಕೀಯವನ್ನು ಬೈಯುತ್ತ ಬಂದ ಜನ. ಲಂಡನ್ನಿನ ಆ ಪ್ರಧಾನಿಗೆ ತನ್ನನ್ನು ಅಣಕಿಸುತ್ತಿದ್ದಾರೆಂದು ತಿಳಿಯುವಷ್ಟಾದರೂ ಬುದ್ಧಿ ಇತ್ತು. ಅಲ್ಲಿನ ಜನಕ್ಕೆ ಯಾರ ಕಡೆ ತಿರುಗಿ ನೋಡಬೇಕೆಂಬ ಅರಿವಿತ್ತು. ನಮಗೆ ಅದೂ ಇಲ್ಲವೇ?

ತಡೆಯಲಾಗಲಿಲ್ಲ. ಪರದೆ ಸರಿಸಿ ರಂಗದ ಅಂಚಿಗೆ ಬಂದು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ನನ್ನ ದನಿಯಲ್ಲಿ ಕೂಗಿದೆ.

"ಒನ್ಸ್ ಮೋರ್!"

ಪೇಟದ ಒಳಗಿನ ಮುಖ ಅರಳಿತು. "ಆಗಲಿ ತಾಯಿ, ಅಭಿಮಾನ ದೊಡ್ಡದು" ಎಂದು, ಆ ಮಹಾನುಭಾವರು ಗಂಟಲು ಸರಿಮಾಡಿಕೊಂಡು, ಈ ಶಾಲು ನನಗಲ್ಲ ಎಂಬಲ್ಲಿಂದ ಮತ್ತೆ ಶುರು ಮಾಡಿದರು. ಅದೇ ಏರಿಳಿತ, ಅದೇ ನಿಲುಗಡೆ. ಎಷ್ಟು ವೇದಿಕೆಗಳಲ್ಲಿ ಅಭ್ಯಾಸವಾಗಿತ್ತೋ. ತಾಯಿ ಎಂದಾಗ ಶಾಲು ಮತ್ತೆ ಅದೇ ದಾರಿಯಲ್ಲಿ ಪೇಟದೊಳಗೆ ಹೋಯಿತು.

ಈ ಸಲ ಮೊದಲು ನಕ್ಕದ್ದು ಸಭೆಯ ನಡುವೆ ಮೀಸೆ ಬರೆದುಕೊಂಡು ನಿಂತಿದ್ದ ವೀಣಾ. ಜನ ತಿರುಗಿ ಅವಳನ್ನು ನೋಡಿದರು, ಆಮೇಲೆ ಕುರ್ಚಿಯನ್ನು ನೋಡಿದರು. ನಗು ಸಾಲಿನಿಂದ ಸಾಲಿಗೆ ದಾಟಿ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡಿತು. ಕುರ್ಚಿಯಲ್ಲಿದ್ದವರು ಅದನ್ನು ಮೆಚ್ಚುಗೆ ಎಂದುಕೊಂಡು ನಾಲ್ಕೂ ದಿಕ್ಕಿಗೆ ಕೈಮುಗಿದರು. ಅಷ್ಟರಲ್ಲಿ ಹೊತ್ತಾಯಿತೆಂದು ಸಭಾಂಗಣದ ಸಿಬ್ಬಂದಿ ಬಂದು ದೀಪ ಹಾಕಿದರು. ನಾಟಕ ಅಲ್ಲಿಗೇ ನಿಂತಿತು.

ಹೊರಗೆ ಊಟದ ಸಾಲಿನಲ್ಲಿ ನಿಂತವರು ವೀಣಾಳ ಕೈಕುಲುಕಿ ನಗುತ್ತಿದ್ದರು. ನಮ್ಮ ಜಾಗ ಉಳಿಯಿತು ಎಂದು ನಾನು ಅವಳ ಕಿವಿಯಲ್ಲಿ ಹೇಳುವಷ್ಟರಲ್ಲಿ ಅಧ್ಯಕ್ಷರು ಬಂದರು. ಮುಖದ ತುಂಬ ಸಂತೋಷ. ಅತಿಥಿಗಳು ಆ ಪೇಟವನ್ನು ಹಾಕಿಕೊಂಡೇ ಕಾರು ಹತ್ತಿದರಂತೆ. ಅಸಲಿ ಶಾಲು, ಅಸಲಿ ಪೇಟ ಪೆಟ್ಟಿಗೆಯಲ್ಲೇ ಉಳಿದಿದ್ದವು.

"ನೋಡಿದ್ರಾ ವೀಣಾ, ಸರ್ ಸ್ಪೀಚ್‌ನ ಜನ ಎಷ್ಟು ಎಂಜಾಯ್ ಮಾಡಿದ್ರು! ಇಷ್ಟು ನಗು ನಮ್ಮ ಯಾವ ಪ್ರೋಗ್ರಾಮ್‌ಗೂ ಬಂದಿಲ್ಲ. ನೆಕ್ಸ್ಟ್ ಇಯರ್ ಡ್ರಾಮಾ ಬೇಡ ಬಿಡಿ, ಆ ಸ್ಲಾಟ್‌ಗೆ ಸರ್‌ನೇ ಕರೆಸೋಣ ಅಂತ ಡಿಸೈಡ್ ಆಯ್ತು."

ವೀಣಾ ಮೀಸೆಯನ್ನು ಒರೆಸಿಕೊಳ್ಳದೆ, ಅವರನ್ನೇ ನೆಟ್ಟಗೆ ನೋಡುತ್ತ ಹೇಳಿದಳು:

"ಆಯ್ತು ವಸಂತ್ ಅವ್ರೇ, ಕರೆಸಿ. ಆದ್ರೆ ಸ್ಕ್ರಿಪ್ಟ್ ಮೊದ್ಲೇ ಕಳ್ಸೋಕೆ ಹೇಳಿ. ಕಮಿಟಿ ಓದಿ ಕಟ್ ಮಾಡ್ಬೇಕಲ್ಲ."

ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿ, ಹೇಳುತ್ತೇನೆ ಎಂದರು.